ಮಿಸ್ ಮೇಜಿನ ಮೇಲಿರುವ ಮರದ ಸ್ಕೇಲಿಗೆ ಒಂದು ಬಹಿರಂಗ ಪತ್ರ

ಮರದ ಸ್ಕೇಲೇ,

ನಿನ್ನ ಹೆಸರಿಗೆ ಕಾಗದ ಬರೆದವರು ಇದುವರೆಗೆ ಯಾರೂ ಇರಲಾರರು. ಆದರೆ ಎಲ್‌ಕೆಜಿ ಕೋಣೆಯಲ್ಲಿ ನೀನು ಆಡುವಷ್ಟು ಮಾತನ್ನು ಬೇರೆ ಯಾರೂ ಆಡುವುದಿಲ್ಲ. ಮಿಸ್ಸು ನಿನ್ನನ್ನು ಮೇಜಿನ ಅಂಚಿಗೆ ಎರಡು ಸಲ ಬಡಿಯುತ್ತಾರೆ, ಗದ್ದಲ ಅಲ್ಲಿಗೇ ನಿಲ್ಲುತ್ತದೆ. ‘ಕೈ ಕಟ್ಟಿ, ಬಾಯಿ ಮುಚ್ಚಿ’ ಎಂದು ಹೇಳಿ ಮುಗಿಸುವ ಮೊದಲೇ 35 ಮಕ್ಕಳ ಕೈ ಎದೆಯ ಮೇಲೆ, ಬೆರಳು ತುಟಿಯ ಮೇಲೆ. ಬಾಗಿಲಲ್ಲಿ ನಿಂತು ನೋಡುವ ತಂದೆ ತಾಯಿ ‘ಇಲ್ಲಿ ಡಿಸಿಪ್ಲಿನ್ ಚೆನ್ನಾಗಿದೆ’ ಎಂದು ಸಮಾಧಾನಪಟ್ಟು, ಫೀಸು ಕಟ್ಟಿ ಮನೆಗೆ ಹೋಗುತ್ತಾರೆ. ಆ ಮೌನ ಎಂಥದು, ಅದಕ್ಕೆ ಬೆಲೆ ತೆರುವವರು ಯಾರು ಎಂಬುದನ್ನು ಹೇಳಬೇಕಿದೆ. ಮಿಸ್ಸಿಗೇ ಬರೆದರೆ ಅವರ ಮೇಲೆ ಹೊರೆ ಹೊರಿಸಿದ ಹಾಗಾಗುತ್ತದೆ. ಅವರ ತಲೆಯ ಮೇಲೆ ಈಗಾಗಲೇ ಸಾಕಷ್ಟಿದೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ನಾನು ಚಿಕ್ಕಮಕ್ಕಳ ಶಿಕ್ಷಣದ ಕೆಲಸದಲ್ಲೇ ಆಯುಷ್ಯ ಕಳೆದವಳು. ಅಂಗನವಾಡಿಯ ಜಮಖಾನದ ಮೇಲೂ ಕೂತಿದ್ದೇನೆ, ಖಾಸಗಿ ನರ್ಸರಿಯ ಪುಟಾಣಿ ಪ್ಲಾಸ್ಟಿಕ್ ಕುರ್ಚಿಯ ಮೇಲೂ ಕೂತಿದ್ದೇನೆ. ಎರಡೂ ಕಡೆ ನೀನಿದ್ದೆ. ಕೆಲವು ಕಡೆ ನಿನ್ನನ್ನು ಯಾರಿಗೂ ಹೊಡೆಯಲು ಬಳಸುವುದೇ ಇಲ್ಲ, ಸುಮ್ಮನೆ ಮೇಜಿನ ಮೇಲೆ ಕಾಣುವ ಹಾಗೆ ಇಟ್ಟಿರುತ್ತಾರೆ ಅಷ್ಟೆ. ಮೂರೂವರೆ ವರ್ಷದ ಮಗುವಿಗೆ ಅಷ್ಟು ಸಾಕು.

ಜೂನ್ ತಿಂಗಳಲ್ಲಿ ಮಗುವನ್ನು ಬಿಡಲು ಬಂದ ಅಪ್ಪ ಮಿಸ್ಸಿಗೆ ಹೇಳುವ ಮಾತು ನಿನಗೆ ಬಾಯಿಪಾಠ ಆಗಿರಬೇಕು: ‘ನಮ್ಮ ಹುಡುಗ ಭಾಳ ತುಂಟ, ಮಿಸ್. ಬೇಕಾದ್ರೆ ಎರಡು ಬಿಡಿ, ನಾವೇನೂ ಕೇಳಲ್ಲ.’ ಹಾಗೆ ಹೇಳುವ ಅಪ್ಪ ಕ್ರೂರಿಯಲ್ಲ. ಮಗುವಿನ ಮೇಲೆ ಪ್ರಾಣ ಇಟ್ಟುಕೊಂಡವನೇ. ಅವನೂ ಏಟು ತಿಂದೇ ಓದಿದವನು. ಉತ್ತರ ಕರ್ನಾಟಕದ ಕಡೆಯವನಾಗಿದ್ದರೆ ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂದು ಕೇಳುತ್ತ ಬೆಳೆದಿರುತ್ತಾನೆ, ಈ ಕಡೆಯವನಾದರೆ ‘ದಂಡಂ ದಶಗುಣಂ’ ಅಂದಿರುತ್ತಾರೆ. ಏಟು ತಿಂದಿದ್ದರಿಂದಲೇ ತಾನು ದಾರಿಗೆ ಬಂದೆ ಎಂದು ಅವನು ನಂಬಿದ್ದಾನೆ. ಏಟಿನ ಜತೆ ಅವನಿಗೆ ಸಿಕ್ಕಿದ್ದ ಬೇರೆ ಎಷ್ಟೋ ಸಂಗತಿಗಳಿಗೆ, ಅಂದರೆ ಕತೆ ಹೇಳುತ್ತಿದ್ದ ಅಜ್ಜಿಗೆ, ಆಡಲು ಇದ್ದ ಬೀದಿಗೆ, ಹೆಸರು ಹಿಡಿದು ಕರೆಯುತ್ತಿದ್ದ ಒಬ್ಬ ಒಳ್ಳೆಯ ಮೇಷ್ಟರಿಗೆ ಸಲ್ಲಬೇಕಾದ ಲೆಕ್ಕವನ್ನೂ ಅವನು ನಿನ್ನ ಖಾತೆಗೇ ಬರೆದಿದ್ದಾನೆ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನೂ ನಿನ್ನ ಪರವಾಗಿಯೇ ಸಾಕ್ಷಿಗೆ ಕರೆಯುತ್ತಾರೆ. ಗಾದೆ ಹೇಳುವುದು ಬೇಗ ಶುರುಮಾಡಿ ಎಂದು. ಹೊಡೆದು ಬಗ್ಗಿಸಿ ಎಂದು ಅದರಲ್ಲಿ ಎಲ್ಲಿಯೂ ಇಲ್ಲ.

ಮೂರರಿಂದ ಐದು ವರ್ಷದ ಮಗುವಿನ ತಲೆಯೊಳಗೆ ಏನು ನಡೆಯುತ್ತಿರುತ್ತದೆ ಎಂಬುದರ ಮೇಲೆ ಇಡೀ ವಿಷಯ ನಿಂತಿದೆ. ಪಕ್ಕದವನ ಕೈಯಲ್ಲಿ ಕೆಂಪು ಬಣ್ಣದ ಕಡ್ಡಿ ಕಂಡಿತು, ಬೇಕೆನ್ನಿಸಿತು, ಕೈ ಹೋಯಿತು. ಬೇಕು ಅನ್ನಿಸುವುದಕ್ಕೂ ಕೈ ಹೋಗುವುದಕ್ಕೂ ನಡುವೆ ‘ತಡಿ’ ಎಂದು ಹೇಳುವ ಭಾಗ ಮೆದುಳಿನಲ್ಲಿ ಹಣೆಯ ಹಿಂದೆ ಇದೆ. ಅದು ಪೂರ್ತಿ ಬಲಿಯುವುದಕ್ಕೆ ಇಪ್ಪತ್ತು ವರ್ಷ ದಾಟಬೇಕು. ಆ ತಡೆ ಮೊಳೆತು ಭರದಿಂದ ಬೆಳೆಯುವ ಕಾಲವೇ ಈ ಮೂರು, ನಾಲ್ಕು, ಐದು. ಆರು ವರ್ಷದೊಳಗೆ ಮೆದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ನಡೆದುಬಿಡುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಹಾಗಾಗಿ ಎಲ್‌ಕೆಜಿ ಮಗು ತಳ್ಳಿದಾಗ, ಕಸಿದಾಗ, ಕಚ್ಚಿದಾಗ ನಾವು ‘ಗೊತ್ತಿದ್ದೂ ಮಾಡಿದ’ ಅನ್ನುವುದು ಬಹಳ ಮಟ್ಟಿಗೆ ಸುಳ್ಳು. ತಪ್ಪೆಂದು ಅವನಿಗೆ ಗೊತ್ತಿರಬಹುದು. ನಿಲ್ಲಿಸಿಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ಅದು ಬರುವ ತನಕ ಅವನು ಅದನ್ನು ಪಕ್ಕದಲ್ಲಿರುವ ದೊಡ್ಡವರಿಂದ ಸಾಲ ಪಡೆಯುತ್ತಾನೆ. ಅವರ ದನಿ ತಣ್ಣಗಿದ್ದರೆ ಅವನ ಉಸಿರೂ ನಿಧಾನಕ್ಕೆ ತಣ್ಣಗಾಗುತ್ತದೆ. ಸೈಕಲ್ ಕಲಿಸುವಾಗ ಹಿಂದಿನಿಂದ ಸೀಟು ಹಿಡಿದು ಓಡುತ್ತೇವಲ್ಲ, ಅದೇ ಕೆಲಸ ಇದು. ಬಿದ್ದ ಮಗುವಿಗೆ ಬಿದ್ದದ್ದಕ್ಕಾಗಿ ನಾಲ್ಕು ಬಿಟ್ಟರೆ ಯಾರೂ ಸೈಕಲ್ ಕಲಿಯುವುದಿಲ್ಲ.

ನೀನು ಆ ಸಾಲ ಕೊಡಲಾರೆ. ನಿನ್ನಿಂದ ಆಗುವುದು ಹೆದರಿಸುವುದು ಮಾತ್ರ. ಹೆದರಿದ ಮಗುವಿನ ಮೈ ಬಿಗಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಲಿಯುವ ಬಾಗಿಲು ಆ ಹೊತ್ತಿಗೆ ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಮಗು ‘ಸರಿಹೋದ’ ಹಾಗೆ ಕಾಣುತ್ತದೆ. ಮಿಸ್ಸು ಫೋನ್ ಬಂತೆಂದು ವರಾಂಡಕ್ಕೆ ಹೋಗಲಿ, ನಿನ್ನನ್ನೂ ಕೈಯಲ್ಲೇ ಹಿಡಿದುಕೊಂಡು ಹೋಗಿರಲಿ, ಆಗ ಕೋಣೆಯನ್ನು ನೋಡಬೇಕು. ಅಷ್ಟು ದಿನ ಮಕ್ಕಳು ಕಲಿತದ್ದು ನೀನು ಎಲ್ಲಿದ್ದೀಯ ಎಂಬುದನ್ನು ಎಂದು ತಿಳಿಯುತ್ತದೆ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 75 ಅಧ್ಯಯನಗಳನ್ನು, ಸುಮಾರು 1 ಲಕ್ಷ 60 ಸಾವಿರ ಮಕ್ಕಳ ಮಾಹಿತಿಯನ್ನು ಒಟ್ಟಿಗೆ ಇಟ್ಟು 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದಿದೆ. ಅವರು ನೋಡಿದ್ದು ಭಾರಿ ಹೊಡೆತಗಳನ್ನಲ್ಲ, ಮನೆಗಳಲ್ಲಿ ‘ಬುದ್ಧಿ ಬರಲಿ’ ಎಂದು ಅಂಗೈಯಿಂದ ಕೊಡುವ ಸಾಮಾನ್ಯ ಏಟುಗಳನ್ನು. ಅಂಥ ಏಟು ಹೆಚ್ಚಿದಲ್ಲಿ ಮಕ್ಕಳ ಆಕ್ರಮಣ, ಮೊಂಡುತನ, ಮನಸ್ಸಿನ ಕಳವಳ ಹೆಚ್ಚಿರುವುದು ಕಂಡಿತೇ ಹೊರತು ಒಳ್ಳೆಯ ನಡತೆ ಹೆಚ್ಚಿದ್ದು ಕಾಣಲಿಲ್ಲ.

ಇನ್ನು ಒಬ್ಬ ಟೀಚರ್ ಬಗ್ಗೆ ಹೇಳುತ್ತೇನೆ. ಹಳೇ ಮೈಸೂರು ಕಡೆಯ ಒಂದು ಹಳ್ಳಿಯ ಅಂಗನವಾಡಿ. ಒಂದೇ ಕೋಣೆ. ಒಂದು ಮೂಲೆಯಲ್ಲಿ ಅಕ್ಕಿ ಮೂಟೆ, ಬೇಳೆ ಡಬ್ಬ, ಇನ್ನೊಂದು ಮೂಲೆಯಲ್ಲಿ ತೂಕದ ಯಂತ್ರ. ಟೀಚರ್ ಹಾಜರಿ ಬರೆಯುತ್ತಿದ್ದರು. ಮಕ್ಕಳು ಮರದ ಲಾರಿಯೊಂದನ್ನು ಸರದಿಯ ಮೇಲೆ ಎಳೆಯುತ್ತಿದ್ದರು. ಒಮ್ಮೆಲೇ ಚೀರಾಟ. ಮೂರೂವರೆ ವರ್ಷದ ಹುಡುಗನೊಬ್ಬ ಪಕ್ಕದ ಹುಡುಗಿಯ ಮುಂಗೈ ಕಚ್ಚಿದ್ದ. ಹಲ್ಲಿನ ಗುರುತು ಅರ್ಧಚಂದ್ರದ ಹಾಗೆ ಎದ್ದು ನಿಂತಿತ್ತು.

ಟೀಚರ್ ಕೂಗಲಿಲ್ಲ. ಪುಸ್ತಕ ಮುಚ್ಚಿಟ್ಟು ಬಂದು ನೆಲದ ಮೇಲೆ ಕೂತರು. ಮೊದಲು ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ‘ಎಲ್ಲಿ ತೋರ್ಸು ಕಂದ. ನೋವಾಯ್ತಾ? ನೋವಾಗತ್ತೆ.’ ಆಯಾ ಒದ್ದೆ ಬಟ್ಟೆ ತಂದರು. ಕಚ್ಚಿದವನು ಅಷ್ಟರಲ್ಲಿ ಅಕ್ಕಿ ಮೂಟೆಯ ಹಿಂದೆ ಸೇರಿಕೊಂಡು ಗೋಡೆಗೆ ಮುಖ ಮಾಡಿದ್ದ. ಟೀಚರ್ ಅವನನ್ನು ಎಳೆಯಲಿಲ್ಲ. ಕೂತಲ್ಲಿಂದಲೇ ಜರುಗಿ ಅವನ ಪಕ್ಕಕ್ಕೆ ಹೋದರು. ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಆಮೇಲೆ ‘ಲಾರಿ ಬೇಕಿತ್ತಾ ಮಗ?’ ಅಂದರು. ಉತ್ತರವಿಲ್ಲ. ‘ಅವ್ಳು ಕೊಡ್ಲಿಲ್ಲ. ಸಿಟ್ಟು ಬಂತು.’ ತಲೆ ಮೆಲ್ಲಗೆ ಆಡಿತು. ‘ಸಿಟ್ಟು ಬರತ್ತೆ. ಕಚ್ಚಂಗಿಲ್ಲ. ಹಲ್ಲು ಇರೋದು ಊಟಕ್ಕೆ. ಬೇಕು ಅಂದ್ರೆ ಏನನ್ಬೇಕು?’ ಬಹಳ ಹೊತ್ತಾದ ಮೇಲೆ ಮೂಟೆಯ ಹಿಂದಿನಿಂದ ಬಂತು: ‘ನಂಗೂ ಕೊಡು.’

ಟೀಚರ್ ಒದ್ದೆ ಬಟ್ಟೆಯನ್ನು ಅವನ ಕೈಗೇ ಕೊಟ್ಟು, ‘ಹೋಗಿ ಅವಳ ಕೈ ಮೇಲೆ ಇಡು, ಮೆತ್ತಗೆ’ ಅಂದರು. ‘ಸಾರಿ ಹೇಳು’ ಎಂದು ಅವರು ಕೇಳಲೇ ಇಲ್ಲ. ಅದು ನನಗೆ ತುಂಬ ಹಿಡಿಸಿತು. ಬಲವಂತದಿಂದ ಹೇಳಿಸಿದ ‘ಸಾರಿ ಮಿಸ್’ ಮಕ್ಕಳ ಬಾಯಲ್ಲಿ ತಪ್ಪಿಸಿಕೊಳ್ಳುವ ದಾರಿ ಆಗಿಬಿಟ್ಟಿರುತ್ತದೆ. ಈ ಹುಡುಗ ತಾನು ಮಾಡಿದ ನೋವನ್ನು ಹತ್ತಿರದಿಂದ ನೋಡಿದ, ಅದಕ್ಕೆ ತನ್ನ ಕೈಯಿಂದಲೇ ಏನಾದರೂ ಮಾಡಬಹುದು ಎಂಬುದನ್ನೂ ನೋಡಿದ.

ಅವನು ಅಲ್ಲಿಗೆ ಸರಿಹೋಗಲಿಲ್ಲ. ಮುಂದೆಯೂ ಕಚ್ಚಿದ. ಟೀಚರ್ ಮತ್ತೆ ಅದೇ ಮಾತನ್ನು, ಅದೇ ದನಿಯಲ್ಲಿ ಹೇಳಿದರು. ಅದರ ಜತೆಗೆ ಅವರು ಇನ್ನೊಂದನ್ನು ಗಮನಿಸಿದ್ದರು. ಕಚ್ಚುವುದೆಲ್ಲ ಊಟಕ್ಕೆ ಮುಂಚಿನ ಹೊತ್ತಿನಲ್ಲಿ. ತಾಯಿಯನ್ನು ವಿಚಾರಿಸಿದರೆ, ಆಕೆ ಬೆಳಕು ಹರಿಯುವ ಮುಂಚೆ ಕೂಲಿಗೆ ಹೋಗುತ್ತಿದ್ದಳು, ಹುಡುಗ ಬರಿಹೊಟ್ಟೆಯಲ್ಲಿ ಬರುತ್ತಿದ್ದ. ಅಂದಿನಿಂದ ಅವನಿಗೆ ಹಾಲು ಬಂದ ಕೂಡಲೇ ಸಿಗತೊಡಗಿತು. ಲಾರಿಯ ಆಟ ಊಟದ ನಂತರಕ್ಕೆ ಹೋಯಿತು. ಕಚ್ಚುವುದು ದಿನೇ ದಿನೇ ಕಡಿಮೆಯಾಗಿ ನಿಂತಿತು. ನಿನ್ನನ್ನು ಕೈಗೆತ್ತಿಕೊಂಡಿದ್ದರೆ ಒಂದು ನಿಮಿಷದ ಕೆಲಸ, ಹಸಿವು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೆತ್ತಗಿನ ಶಿಸ್ತು ಅಂದರೆ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ಎಂದು ತಿಳಿದವರಿದ್ದಾರೆ. ಆ ಟೀಚರ್ ಎಲ್ಲಿ ಹೂಂ ಅಂದರು? ‘ಕಚ್ಚಂಗಿಲ್ಲ’ ಎಂಬ ಗೆರೆಯನ್ನು ಅವರು ಒಂದು ದಿನವೂ ಅಳಿಸಲಿಲ್ಲ. ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ‘ಹೊಡೆಯೋಕೆ ಬಿಡಲ್ಲ’ ಎಂದು ತಡೆಯುವುದು ಈ ದಾರಿಯ ಕಡ್ಡಾಯ ಭಾಗ. ಏನು ಮಾಡಿದರೂ ಕೇಳುವವರಿಲ್ಲದ ಕೋಣೆಯಲ್ಲಿ ಮಕ್ಕಳು ಹೆದರುತ್ತಾರೆ, ಅದೂ ಒಂದು ಬಗೆಯ ಅನಾಥತನ. ಗೆರೆ ಇರಬೇಕು. ಅದನ್ನು ದಾಟಿದ ಮಗುವಿನ ಮಾನ ಕಳೆಯಬಾರದು.

ನರ್ಸರಿಯಲ್ಲಿ ರಗಳೆ ಎಲ್ಲಿಂದ ಹುಟ್ಟುತ್ತದೆ ಎಂದು ಕೂತು ನೋಡಿದರೆ ಬಹುಪಾಲು ಕಾಯುವ ಹೊತ್ತಿನಲ್ಲಿ. ಒಂದೇ ನಲ್ಲಿ, ಕೈ ತೊಳೆಯಲು 35 ಮಕ್ಕಳ ಸಾಲು. ನಾಲ್ಕು ವರ್ಷದವರು ಹತ್ತು ನಿಮಿಷ ಸುಮ್ಮನೆ ಒಬ್ಬರ ಹಿಂದೊಬ್ಬರು ನಿಲ್ಲಬೇಕು. ಮುಂದಿರುವವಳ ಜಡೆ ಕೈಗೆ ಸಿಗುತ್ತದೆ, ಎಳೆಯುತ್ತಾರೆ. ಆಗ ಮಿಸ್ಸಿಗೆ ನಿನ್ನ ನೆನಪಾಗುತ್ತದೆ. ಐದೈದು ಮಕ್ಕಳನ್ನು ಕಳಿಸಿ ಉಳಿದವರಿಗೆ ಹಾಡು ಶುರುಮಾಡಿದರೆ ಆ ಜಡೆಯ ಜಗಳ ಹುಟ್ಟುವುದೇ ಇಲ್ಲ. ಆಟ ನಿಲ್ಲಿಸುವ ಮುಂಚೆ ‘ಇನ್ನೊಂದೇ ಸಲ ಜಾರುಬಂಡಿ, ಆಮೇಲೆ ಊಟ’ ಎಂದು ತಿಳಿಸಿದ್ದರೆ ಅಳು ಅರ್ಧಕ್ಕರ್ಧ ತಗ್ಗುತ್ತದೆ. ಮುನ್ಸೂಚನೆಯಿಲ್ಲದೆ ಕೆಲಸ ಕಿತ್ತುಕೊಂಡರೆ ದೊಡ್ಡವರಿಗೂ ರೇಗುತ್ತದೆಯಲ್ಲವೇ? ‘ಓಡಬೇಡ’ ಎಂದು ಕೂಗಿದರೆ ಮಗುವಿನ ಕಿವಿಗೆ ಬೀಳುವುದು ‘ಓಡು’ ಎಂಬುದೇ, ‘ನಡ್ಕೊಂಡು ಬಾ’ ಅಂದರೆ ಏನು ಮಾಡಬೇಕೆಂದು ಗೊತ್ತಾಗುತ್ತದೆ. ನಮ್ಮ ಅಂಗನವಾಡಿಗಳ ‘ಚಿಲಿಪಿಲಿ’ ಪಠ್ಯದ ಹಾಡು, ಕತೆ, ಆಟಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಟೀಚರ್ ಕೋಣೆಯಲ್ಲಿ ನೀನು ಬೇಕಾಗುವುದು ಅಪರೂಪ. ಮೂರೂವರೆ ವರ್ಷದವರನ್ನು ಬೆಂಚಿಗೆ ಕಟ್ಟಿಹಾಕಿದ ಹಾಗೆ ಕೂರಿಸಿ ನಾಲ್ಕು ಗೆರೆಯ ಕಾಪಿಯಲ್ಲಿ ಕರ್ಸಿವ್ ಬರೆಸುವ ಕಡೆ ನಿನಗೆ ಬಿಡುವೇ ಇಲ್ಲ. ಪೆನ್ಸಿಲ್ ಹಿಡಿಯುವಷ್ಟು ಬೆರಳು ಗಟ್ಟಿಯಾಗದ ಮಗು ಹೊರಳಾಡುತ್ತದೆ, ಪಕ್ಕದವನನ್ನು ಚಿವುಟುತ್ತದೆ. ಅದಕ್ಕೆ ಶಿಕ್ಷೆ. ಅಲ್ಲಿ ತಪ್ಪಿರುವುದು ವೇಳಾಪಟ್ಟಿಯಲ್ಲಿ.

ನಿನ್ನ ನೆಂಟರ ವಿಷಯವನ್ನೂ ಹೇಳಬೇಕು. ಈಚೆಗೆ ‘ನಮ್ಮಲ್ಲಿ ಹೊಡೆಯುವುದಿಲ್ಲ’ ಎಂದು ಹೆಮ್ಮೆಯಿಂದ ಬೋರ್ಡು ಹಾಕಿಕೊಂಡ ಶಾಲೆಗಳು ಹೆಚ್ಚುತ್ತಿವೆ, ಸಂತೋಷ. ಒಳಗೆ ಹೋದರೆ ಗೋಡೆಯ ಮೇಲೆ ಎಲ್ಲರ ಹೆಸರಿನ ಚಾರ್ಟು. ಕೆಲವರ ಮುಂದೆ ನಕ್ಷತ್ರಗಳ ಸಾಲು, ಒಂದಿಬ್ಬರ ಮುಂದೆ ಅಳುವ ಮುಖ. ಚಡ್ಡಿ ಒದ್ದೆಮಾಡಿಕೊಂಡ ಮಗುವಿನ ಸುತ್ತ ಇಡೀ ಕ್ಲಾಸು ‘ಶೇಮ್ ಶೇಮ್’ ಎಂದು ಕೂಗುತ್ತಿರುತ್ತದೆ, ತಡೆಯುವವರಿಲ್ಲ. ‘ಪೊಲೀಸ್ ಮಾಮ ಬರ್ತಾನೆ’, ‘ಇಂಜೆಕ್ಷನ್ ಹಾಕಿಸ್ತೀನಿ’, ‘ಬೇಬಿ ಕ್ಲಾಸಿಗೆ ಕಳಿಸ್ತೀನಿ’. ಇವು ಮೈ ಮೇಲೆ ಗುರುತು ಬಿಡುವುದಿಲ್ಲ, ಸಿಸಿಟಿವಿಯಲ್ಲೂ ಕಾಣುವುದಿಲ್ಲ. ಮಗುವಿನ ಮಟ್ಟಿಗೆ ನಿನಗೂ ಇವಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ನಕ್ಷತ್ರದಲ್ಲೇನು ತಪ್ಪು ಎಂದು ಕೇಳುವವರಿಗೆ ಮಾರ್ಕ್ ಲೆಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿದರು. ಕೆಲವರಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಮುಂದಿನ ದಿನಗಳಲ್ಲಿ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದರೆ, ಪ್ರಶಸ್ತಿಗಾಗಿ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತನ್ನು ಮಾತ್ರ ಚಿತ್ರದ ಮೇಲೆ ಕಳೆದರು. ಖುಷಿಗಾಗಿ ಮಾಡುತ್ತಿದ್ದದ್ದು ಕೂಲಿಯ ಕೆಲಸವಾಗಿತ್ತು. ಸ್ನೇಹಿತನಿಗೆ ತಿಂಡಿ ಹಂಚುವ ಮಗುವಿಗೆ ನಕ್ಷತ್ರ ಅಂಟಿಸುವ ಮುಂಚೆ ಇದನ್ನೊಮ್ಮೆ ನೆನೆಯಬೇಕು.

ಕಾಯುವ ತಾಳ್ಮೆಯ ಬಗ್ಗೆ ಇನ್ನೂ ಚೆನ್ನಾದ ಪ್ರಯೋಗವೊಂದಿದೆ. 2013ರಲ್ಲಿ ಪ್ರಕಟವಾಯಿತು, ನಡೆಸಿದ್ದು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು. ಮೂರರಿಂದ ಐದು ವರ್ಷದ 28 ಮಕ್ಕಳು. ಮೊದಲು ಬಳಸಿ ಸವೆದ ಬಣ್ಣದ ಕಡ್ಡಿಗಳನ್ನು ಮುಂದಿಟ್ಟು, ‘ಸ್ವಲ್ಪ ತಾಳು, ಇದಕ್ಕಿಂತ ಒಳ್ಳೇದು ತರ್ತೀನಿ’ ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. ಅರ್ಧದಷ್ಟು ಮಕ್ಕಳಿಗೆ ಹೇಳಿದ ಹಾಗೆ ತಂದುಕೊಟ್ಟರು. ಉಳಿದವರ ಹತ್ತಿರ ಬರಿಗೈಯಲ್ಲಿ ಬಂದು ‘ಇಲ್ಲಪ್ಪ, ಇದನ್ನೇ ಬಳಸು’ ಅಂದರು. ಸ್ಟಿಕರ್ ವಿಷಯದಲ್ಲೂ ಇದೇ ಆಯಿತು. ಕೊನೆಗೆ ಒಂದು ಸಿಹಿತಿಂಡಿ ಮುಂದಿಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇನೆ ಎಂದು ಹೇಳಿ ಹೋದರು. ಮಾತು ಉಳಿಸಿಕೊಂಡವರನ್ನು ಕಂಡಿದ್ದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡಿದ್ದ ಮಕ್ಕಳು ಕಾದದ್ದು ಸುಮಾರು 3 ನಿಮಿಷ. ಅದೇ ವಯಸ್ಸು, ಅದೇ ತಿಂಡಿ. ವ್ಯತ್ಯಾಸ ಇದ್ದದ್ದು ದೊಡ್ಡವರ ಮಾತಿನಲ್ಲಿ. ‘ಆಮೇಲೆ ಕೊಡ್ತೀನಿ’ ಎಂದು ಮರೆತುಬಿಡುವ ನಾವು ಮಕ್ಕಳಿಗೆ ತಾಳ್ಮೆಯಿಲ್ಲ ಎಂದು ದೂರುವುದು ಎಷ್ಟು ತಪ್ಪು ಎಂಬುದನ್ನು ಈ 28 ಮಕ್ಕಳು ನಾಚಿಕೆಯಾಗುವಷ್ಟು ಸರಳವಾಗಿ ತೋರಿಸಿಕೊಟ್ಟಿದ್ದಾರೆ.

‘ಇದೆಲ್ಲ ಫಾರಿನ್ ಫ್ಯಾಷನ್, ನಮ್ಮ ಮಕ್ಕಳಿಗೆ ಆಗಿಬರಲ್ಲ’ ಎನ್ನುವವರು ಮುಂದಿನ ಬೆಂಚಿನಲ್ಲೇ ಇದ್ದಾರೆ. ಅವರು ನಮ್ಮವರನ್ನೇ ನೋಡಲಿ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು ಮಕ್ಕಳ ಕಡೆಗೆ ಬಂದವರು. 1920ರಲ್ಲಿ ಭಾವನಗರದಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರ ತೆರೆದು, ಶಿಕ್ಷೆಯನ್ನೂ ಬಹುಮಾನದ ಆಮಿಷವನ್ನೂ ಹೊರಗಿಟ್ಟು ಕತೆ ಮತ್ತು ಆಟದ ಮೇಲೆ ಕ್ಲಾಸು ನಡೆಸಿ ತೋರಿಸಿದರು. ಜನ ಅವರನ್ನು ‘ಮೀಸೆ ಇರುವ ಅಮ್ಮ’ ಎಂದು ಕರೆಯುತ್ತಿದ್ದರು. ಅವರ ಜತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡ ಕಡೆಯ ಆದಿವಾಸಿ ಹಾಡಿಗಳಿಗೆ ಹೋದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದಿಂದಾಗಿ ವರ್ಷಗಟ್ಟಲೆ ಇಲ್ಲೇ ಉಳಿದು ನಮ್ಮ ಶಿಕ್ಷಕಿಯರಿಗೆ ತರಬೇತಿ ಕೊಡುವ ಹೊತ್ತಿಗೆ ಈ ದೇಶದಲ್ಲಿ ಆ ಬೀಜ ಬಿದ್ದಾಗಿತ್ತು. ನಮ್ಮಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರವನ್ನು. ಅದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ, ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಸಾಲು ಬೆಂಚಿನಿಂದ ಇಳಿಸಿ ಗುಂಪಿನಲ್ಲಿ ನೆಲದ ಮೇಲೆ ಕೂರಿಸಿತು, ಅವರವರ ವೇಗದಲ್ಲಿ ಕಲಿಯಲು ಬಿಟ್ಟಿತು. ಈ ದಾರಿಗೆ ನಮ್ಮಲ್ಲೇ ನೂರು ವರ್ಷದ ಹಳಮೆ ಇದೆ. ಹೊರಗಿನಿಂದ ತರಬೇಕಾದದ್ದು ಏನೂ ಇಲ್ಲ.

ಆದರೂ ನೀನು ಉಳಿದುಕೊಂಡಿದ್ದೀಯ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಶಿಕ್ಷೆ ಅನುಭವಿಸಿದ್ದಾಗಿ ಹೇಳಿದ್ದರು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಒಳ್ಳೆಯ ಕಾನೂನು. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ‘ಮಗು’ ಅಂದರೆ 6ರಿಂದ 14 ವರ್ಷದವರು. ಮೂರರಿಂದ ಆರರವರಿಗೆ ಶಾಲಾಪೂರ್ವ ಶಿಕ್ಷಣ ಕೊಡಲು ಸರ್ಕಾರ ವ್ಯವಸ್ಥೆ ‘ಮಾಡಬಹುದು’ ಎಂದಷ್ಟೇ 11ನೇ ಸೆಕ್ಷನ್ ಹೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆ ದೈಹಿಕ ಶಿಕ್ಷೆಯನ್ನು ಹೆಸರಿಟ್ಟು ಹೇಳಿದ್ದು ಮಕ್ಕಳ ಪಾಲನಾ ಸಂಸ್ಥೆಗಳಿಗೆ. ಮಗುವಿನ ಹೊಣೆ ಹೊತ್ತವರ ಕ್ರೌರ್ಯಕ್ಕೆ ಅದರ 75ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಇದೆ, ನಿಜ. ಆದರೆ ಕಿವಿ ಹಿಂಡಿದ್ದಕ್ಕೆ, ಬಸ್ಕಿ ಹೊಡೆಸಿದ್ದಕ್ಕೆ ಯಾವ ತಾಯಿ ಅಷ್ಟು ದೂರ ಹೋಗುತ್ತಾಳೆ? ಹೀಗೆ ನಿನ್ನನ್ನು ತಡೆದುಕೊಳ್ಳುವ ಶಕ್ತಿ ಯಾರಿಗೆ ಎಲ್ಲರಿಗಿಂತ ಕಡಿಮೆಯೋ, ಮನೆಗೆ ಹೋಗಿ ನಡೆದದ್ದನ್ನು ಹೇಳಲು ಮಾತೂ ಯಾರಿಗೆ ಸರಿಯಾಗಿ ಬಂದಿಲ್ಲವೋ, ಅವರ ಹೆಸರೇ ಆ ನಿಷೇಧದಲ್ಲಿ ಇಲ್ಲ.

ಇನ್ನೊಂದು ಕಡೆ, ‘ಎರಡು ಬಿಡಿ ಮಿಸ್’ ಎಂಬ ಮಾತಿಗೆ ಕಾನೂನಿನಲ್ಲೇ ಆಸರೆ ಇದೆ. 12 ವರ್ಷದೊಳಗಿನ ಮಗುವಿನ ಒಳಿತಿಗೆಂದು, ಸದ್ಭಾವನೆಯಿಂದ, ಪೋಷಕರೋ ಅವರ ಒಪ್ಪಿಗೆಯಿಂದ ಬೇರೆಯವರೋ ಮಾಡಿದ ಕೆಲಸಕ್ಕೆ 1860ರ ದಂಡಸಂಹಿತೆಯ 89ನೇ ಸೆಕ್ಷನ್ ಕೆಲವು ಮಿತಿಗಳ ಒಳಗೆ ರಕ್ಷಣೆ ಕೊಟ್ಟಿತ್ತು. ಬ್ರಿಟಿಷರ ಆ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಆ ರಕ್ಷಣೆ 27ನೇ ಸೆಕ್ಷನ್ ಆಗಿ ಅದರಲ್ಲೂ ಬಂದು ಕೂತಿದೆ. ಗೇಟಿನಲ್ಲಿ ನಿಂತು ಪ್ರೀತಿಯಿಂದಲೇ ಹಾಗೆ ಹೇಳುವ ಅಪ್ಪನಿಗೆ ತಾನು ಎಂಥ ಒಪ್ಪಿಗೆ ಕೊಡುತ್ತಿದ್ದೇನೆ ಎಂಬುದು ಗೊತ್ತಿರಲಿ.

ಕಾನೂನು ತಿದ್ದಿದರೂ ನೀನು ಮೇಜಿನಿಂದ ಇಳಿಯಲಾರೆ, ಯಾಕೆಂದರೆ ನಿನ್ನನ್ನು ಅಲ್ಲಿಟ್ಟದ್ದು ಸಿಟ್ಟಿಗಿಂತ ಹೆಚ್ಚಾಗಿ ಸುಸ್ತು. 2013ರ ರಾಷ್ಟ್ರೀಯ ಶಿಶು ಪಾಲನೆ ಮತ್ತು ಶಿಕ್ಷಣ (ಇಸಿಸಿಇ) ನೀತಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು ಎಂದು ಹೇಳಿದೆ. ನಾನು ಕಂಡ ನರ್ಸರಿಗಳಲ್ಲಿ 35, 40 ಮಕ್ಕಳಿಗೆ ಒಬ್ಬ ಮಿಸ್ಸು, ಹಲವು ಕೋಣೆಗಳಿಗೆ ಸೇರಿ ಒಬ್ಬ ಆಯಾ. ಅಕ್ಕಿ ಮೂಟೆಯ ಹಿಂದೆ ಹೋಗಿ ಕೂತ ಆ ಟೀಚರಿಗೆ ಅಷ್ಟು ಹೊತ್ತು ಸಿಕ್ಕಿದ್ದು ಅವರ ಕೋಣೆಯಲ್ಲಿ ಮಕ್ಕಳು ಕಡಿಮೆ ಇದ್ದುದರಿಂದ, ಉಳಿದವರನ್ನು ನೋಡಿಕೊಳ್ಳಲು ಆಯಾ ಇದ್ದುದರಿಂದ. ಅವರಿಗೂ ಆ ಹೊತ್ತು ಸುಲಭವಾಗಿ ಸಿಕ್ಕಿದ್ದಲ್ಲ. ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮಾಹಿತಿ ತುಂಬಬೇಕು, ಮಕ್ಕಳ ತೂಕ ನೋಡಬೇಕು, ಗರ್ಭಿಣಿ ಬಾಣಂತಿಯರ ಮನೆ ಭೇಟಿ, ಅದರ ಮೇಲೆ ಸರ್ವೆ, ಚುನಾವಣೆ ಕೆಲಸ. ಇಷ್ಟಕ್ಕೂ ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಖಾಸಗಿ ನರ್ಸರಿಯ ಮಿಸ್ಸಂದಿರ ಕೈಗೆ ತಿಂಗಳ ಕೊನೆಗೆ ಎಷ್ಟು ಬರುತ್ತದೆ ಎಂಬುದನ್ನು ಫೀಸು ಕಟ್ಟುವವರು ಕೇಳಿ ತಿಳಿದುಕೊಳ್ಳಬೇಕು. ದಿನವಿಡೀ ಮೇಲಿನವರಿಂದ ಬೈಸಿಕೊಳ್ಳುವವರಿಂದ ಮಕ್ಕಳಿಗೆ ತಣ್ಣಗಿನ ದನಿ ಸಿಗಲಿ ಎಂದು ಬಯಸುವುದು ಅನ್ಯಾಯ. ಮೆತ್ತಗಿರುವುದಕ್ಕೆ ಮೈಯಲ್ಲಿ ಕಸುವು ಬೇಕು.

ಈ ಕಾಗದದ ಪ್ರತಿಗಳನ್ನು ಕೆಲವು ಕಡೆಗೆ ಕಳಿಸುತ್ತಿದ್ದೇನೆ. ಶಾಲೆಯ ಆಡಳಿತ ಮಂಡಳಿಗೆ: ನಿನ್ನನ್ನು ತೆಗೆಯಿರಿ ಎಂದು ಸುತ್ತೋಲೆ ಹೊರಡಿಸುವ ಮುಂಚೆ ಕೋಣೆಗೆ ಇನ್ನೊಬ್ಬ ಮಿಸ್ಸನ್ನು ಕೊಡಿ, ಎಲ್‌ಕೆಜಿಯಿಂದ ಕರ್ಸಿವ್ ಕಾಪಿ ತೆಗೆಯಿರಿ. ಶಿಕ್ಷಣ ಇಲಾಖೆಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ: ಆರು ವರ್ಷ ತುಂಬದವರನ್ನು ಹೆಸರಿಟ್ಟು ಸೇರಿಸಿ ಶಿಕ್ಷೆಯನ್ನು ನಿಷೇಧಿಸುವ ನಿಯಮ ಬರೆಯಿರಿ, ಪೂರ್ವ ಪ್ರಾಥಮಿಕ ಶಾಲೆಗೆ ಮಾನ್ಯತೆ ಕೊಡುವಾಗ ಮಕ್ಕಳ ತಲೆ ಎಣಿಸಿ, ಅಂಗನವಾಡಿ ಟೀಚರ್ ಮಕ್ಕಳ ಜತೆ ಇರುವ ಹೊತ್ತಿನಲ್ಲಿ ಅವರ ಫೋನಿಗೆ ಬೇರೆ ಕೆಲಸ ಕಳಿಸಬೇಡಿ. ತಂದೆ ತಾಯಂದಿರಿಗೆ ಒಂದು ಸಣ್ಣ ಕೋರಿಕೆ. ಈ ಜೂನ್‌ನಲ್ಲಿ ಅಡ್ಮಿಷನ್ ಕೌಂಟರಿನಲ್ಲಿ ಸ್ಮಾರ್ಟ್ ಬೋರ್ಡ್ ಇದೆಯಾ ಎಂದು ಕೇಳುವ ಮೊದಲು ಈ ಕೋಣೆಯಲ್ಲಿ ಎಷ್ಟು ಮಕ್ಕಳು, ಎಷ್ಟು ದೊಡ್ಡವರು ಎಂದು ಕೇಳಿ. ನಮ್ಮ ಮಗು ಇನ್ನೊಂದು ಮಗುವನ್ನು ಕಚ್ಚಿದರೆ ನೀವು ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ಹೇಳುವಾಗ ಅವರ ಕಣ್ಣು ಎತ್ತ ಹೋಗುತ್ತದೆ ನೋಡಿ. ಮೇಜಿನ ಕಡೆಗೆ ಹೋದರೆ ಇನ್ನೊಂದು ಶಾಲೆಯನ್ನೂ ನೋಡಿಕೊಂಡು ಬನ್ನಿ.

ಇಂತಿ,
ಮಕ್ಕಳ ಕೋಣೆಯ ಹಿಂದಿನ ಸಾಲಿನಲ್ಲಿ ಕೂತು ನೋಡುವ ಒಬ್ಬಳು